ಬಾಕಿ ಇಟ್ಟವರೇ ಕೇಳುವ 'ಬಾಕಿ ಇಲ್ಲ' ಪತ್ರ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಊಟದ ಗದ್ದಲ ಮುಗಿದು ಸಂಜೆಯ ಚಾ ಗಿರಾಕಿಗಳು ಇನ್ನೂ ಬಂದಿರದ ಹೊತ್ತು. ನಮ್ಮ ಸಂಘದ ಒಬ್ಬ ಯುವ ಸದಸ್ಯರು ನನ್ನ ಗಲ್ಲಾದ ಮೇಲೆ ದಪ್ಪ ಫೈಲೊಂದನ್ನು ತಂದಿಟ್ಟು, "ಅಣ್ಣ, ಇದನ್ನೊಮ್ಮೆ ನೋಡಿ ಕೊಡಬೇಕು" ಎಂದರು. ಅವರ ಹೆಸರು ಬೇಡ. ಕಾರ್ಕಳದ ಕಡೆಯವರು. ಚಿಕ್ಕ ಪ್ರಾಯದಲ್ಲೇ ಮುಂಬಯಿಗೆ ಬಂದು, ಹಗಲು ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ನಮ್ಮಲ್ಲಿ ಬಹುತೇಕರ ಕತೆಯೂ ಇದೇ ತಾನೆ. ಈಗ ಪೂರ್ವ ಉಪನಗರದ ಒಂದು ಸರಕಾರಿ ಕಚೇರಿಯ ಕ್ಯಾಂಟೀನ್ ನಡೆಸುತ್ತಾರೆ, ಸೀಸನ್‌ನಲ್ಲಿ ಮದುವೆ-ಮುಂಜಿಯ ಅಡುಗೆಯನ್ನೂ ಹಿಡಿಯುತ್ತಾರೆ. ಈ ಸಲ ಸರಕಾರಿ ಕಾಲೇಜೊಂದರ ಹಾಸ್ಟೆಲ್ ಮೆಸ್ಸಿಗೆ ಟೆಂಡರ್ ಹಾಕುವ ಮನಸ್ಸು ಮಾಡಿದ್ದರು.

ಫೈಲಿನಲ್ಲಿ ಎಲ್ಲವೂ ಇತ್ತು. ಪ್ಯಾನ್ ಕಾರ್ಡು, ಜಿಎಸ್‌ಟಿ ನೋಂದಣಿ, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ಸಿಎಯವರ ಮೊಹರಿನ ವ್ಯವಹಾರದ ಲೆಕ್ಕ, ಪ್ರೊಫೆಶನ್ ಟ್ಯಾಕ್ಸಿನ ಎರಡೂ ಸರ್ಟಿಫಿಕೇಟ್, ಆಹಾರ ಸುರಕ್ಷೆಯ ಲೈಸನ್ಸು, ಉದ್ಯಮ್ ನೋಂದಣಿ. ಪುಟಪುಟಕ್ಕೂ ಸಹಿ, ಮೊಹರು. ಇಷ್ಟು ಅಚ್ಚುಕಟ್ಟಾದ ಫೈಲು ನಮ್ಮ ಧಂದೆಯಲ್ಲಿ ನಾನು ಹೆಚ್ಚು ನೋಡಿಲ್ಲ. ಆದರೆ ಟೆಂಡರಿನ ಪಟ್ಟಿಯ ಕೊನೆಗೆ, ಇತ್ತೀಚಿನ ತಿಂಗಳವರೆಗಿನ ಜಿಎಸ್‌ಟಿಆರ್-3ಬಿ ಪ್ರತಿ ಮತ್ತು ಯಾವುದೇ ತೆರಿಗೆ ಬಾಕಿ ಇಲ್ಲವೆಂಬ ಪತ್ರ ಎಂದು ಬರೆದಿತ್ತು. ಅವರ ಕೊನೆಯ ಎರಡು ತಿಂಗಳ ರಿಟರ್ನ್ ಇರಲಿಲ್ಲ.

"ಯಾಕೆ ತುಂಬಿಸಲಿಲ್ಲ?" ಎಂದು ಕೇಳಿದೆ.

"ಈಗಿನ ಕ್ಯಾಂಟೀನಿನವರು ಐದು ತಿಂಗಳ ಬಿಲ್ಲು ಕೊಟ್ಟಿಲ್ಲ ಅಣ್ಣ. ಮೂರು ತಿಂಗಳು ಮದುವೆಯ ದುಡ್ಡಿನಿಂದ ಹೇಗೋ ಕಟ್ಟಿದೆ. ಆಮೇಲೆ ಹುಡುಗರ ಪಗಾರ ಮೊದಲು ಅಂತ ನೋಡಿದೆ."

ಒಂದು ಸರಕಾರಿ ಕಚೇರಿ ಇವರ ಹಣ ಇಟ್ಟುಕೊಂಡಿದೆ. ಅದೇ ಕಾರಣಕ್ಕೆ ಇನ್ನೊಂದು ಸರಕಾರಿ ಕಚೇರಿಯ ಮುಂದೆ ಇವರು ಅಪ್ರಾಮಾಣಿಕ ವ್ಯಾಪಾರಿಯಾಗಿ ನಿಲ್ಲಬೇಕು. ಈ ವಿಚಾರವನ್ನು ನಮ್ಮ ಪತ್ರಿಕೆಯಲ್ಲಿ ಬರೆಯಬೇಕೆಂದು ನನಗೆ ಅನಿಸಿದ್ದು ಅಂದೇ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಸರಕಾರಿ ಕೆಲಸ ಕೇಳುವವನು ತೆರಿಗೆ ಕಟ್ಟಿದ ಪುರಾವೆ ತೋರಿಸಬೇಕು ಎಂಬುದಕ್ಕೆ ನನ್ನ ವಿರೋಧವಿಲ್ಲ. ಅದು ನಮ್ಮಂಥವರಿಗೇ ಒಳ್ಳೆಯದು. ಒಂದು ಥಾಲಿಗೆ 60 ರೂ. ದರ ಬರೆದರೆ 5 ಶೇಕಡಾ ತೆರಿಗೆ ಎಂದರೆ 3 ರೂ. ಟೆಂಡರುಗಳು ಇಂದು ಎಂಟಾಣೆ, ರೂಪಾಯಿಯ ಅಂತರದಲ್ಲಿ ನಿರ್ಧಾರವಾಗುತ್ತವೆ. ತೆರಿಗೆ ನುಂಗುವವನಿಗೆ ಆ ಮೂರು ರೂಪಾಯಿ ಮೊದಲೇ ಕೈಯಲ್ಲಿರುತ್ತದೆ, ಅವನ ದರದೊಂದಿಗೆ ಕಟ್ಟುವವನು ಸ್ಪರ್ಧಿಸುವುದಾದರೂ ಹೇಗೆ? ಆದ್ದರಿಂದ ಪುರಾವೆ ಬೇಕು. ನನ್ನ ತಕರಾರು ಇರುವುದು ಪುರಾವೆ ಕೇಳುವ ಕ್ರಮದ ಮೇಲೆ, ಮತ್ತು ಕೇಳುವವರು ತಾವು ಮಾಡಿದ್ದನ್ನು ಮರೆಯುವುದರ ಮೇಲೆ.

ಲೆಕ್ಕವನ್ನೇ ನೋಡೋಣ. ತಿಂಗಳಿಗೆ 3 ಲಕ್ಷ ರೂ. ಬಿಲ್ಲಾಗುವ ಕ್ಯಾಂಟೀನ್ ಎಂದಿಟ್ಟುಕೊಳ್ಳಿ. ಕಚೇರಿ, ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳ ಕ್ಯಾಂಟೀನ್ ಮತ್ತು ಮೆಸ್ಸುಗಳಿಗೆ ಕರಾರಿನ ಮೇಲೆ ಊಟ ಒದಗಿಸುವುದಕ್ಕೆ 5 ಶೇಕಡಾ ಜಿಎಸ್‌ಟಿ ಎಂದು 2018ರ ಜುಲೈಯಲ್ಲಿ ಸ್ಪಷ್ಟವಾಯಿತು. ಇನ್‌ಪುಟ್ ಕ್ರೆಡಿಟ್ ಇಲ್ಲ. ಅಂದರೆ ಗ್ಯಾಸಿಗೆ, ಪಾತ್ರೆಗೆ, ಬಾಡಿಗೆಗೆ ನಾವು ಕೊಟ್ಟ ತೆರಿಗೆಯನ್ನು ಇದರಲ್ಲಿ ಕಳೆಯುವಂತಿಲ್ಲ. ಬಿಲ್ಲಿನ ಮೇಲಿನ 15,000 ರೂ. ಪೂರ್ತಿ ನಗದಾಗಿ ಹೋಗಬೇಕು. ಯಾವಾಗ? ಬಿಲ್ಲು ಹರಿದ ಮುಂದಿನ ತಿಂಗಳ 20ನೇ ತಾರೀಕಿನೊಳಗೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ತುಂಬುವ ಸೌಲಭ್ಯ ಪಡೆದವರೂ ಹಣವನ್ನು ತಿಂಗಳು ತಿಂಗಳು ಕಟ್ಟಲೇಬೇಕು. ಕಚೇರಿಯವರು ನಮಗೆ ಹಣ ಕೊಟ್ಟರೇ, ಇಲ್ಲವೇ ಎಂದು ಜಿಎಸ್‌ಟಿಯ ಪೋರ್ಟಲ್ ಕೇಳುವುದಿಲ್ಲ.

ಪೋರ್ಟಲಿನ ಇನ್ನೊಂದು ಗುಣ ನಮ್ಮಲ್ಲಿ ಅನೇಕರಿಗೆ ಪೆಟ್ಟು ತಿಂದ ಮೇಲಷ್ಟೇ ಗೊತ್ತಾಗುತ್ತದೆ. ತೆರಿಗೆ ಪೂರ್ತಿ ಕಟ್ಟದೆ 3ಬಿ ರಿಟರ್ನ್ ಸಲ್ಲಿಕೆಯಾಗುವುದಿಲ್ಲ. 15,000ದಲ್ಲಿ 10,000 ಇದೆ, ಅದನ್ನು ತೆಗೆದುಕೊಳ್ಳಿ, ಉಳಿದದ್ದು ಮುಂದಿನ ವಾರ ಎಂದರೆ ನಡೆಯುವುದಿಲ್ಲ. ಹಿಂದಿನ ತಿಂಗಳದ್ದು ನಿಂತರೆ ಮುಂದಿನದೂ ನಿಂತಿತು. ಕಿರಾಣಿ ಅಂಗಡಿಯ ಮಾರವಾಡಿ ಸೇಟ್ ಆದರೂ ಅರ್ಧ ಹಣ ಪಡೆದು ಸುಮ್ಮನಾಗುತ್ತಾನೆ. ಇಲ್ಲಿ ಹಾಗಿಲ್ಲ. ಅಲ್ಲಿಂದ ಮುಂದೆ ವರ್ಷಕ್ಕೆ 18 ಶೇಕಡಾ ಬಡ್ಡಿ, ಅದರ ಮೇಲೆ ದಿನಕ್ಕೆ 50 ರೂ. ವಿಳಂಬ ಶುಲ್ಕ. ಸತತ ಆರು ತಿಂಗಳು ತಿಂಗಳ ರಿಟರ್ನ್ ಬಾರದಿದ್ದರೆ ನೋಂದಣಿಯನ್ನೇ ರದ್ದು ಮಾಡುವ ಅಧಿಕಾರ ಇಲಾಖೆಗಿದೆ. ಕಂತಿನಲ್ಲಿ ಕಟ್ಟೋಣವೇ ಎಂದರೆ, ಜಿಎಸ್‌ಟಿ ಕಾಯ್ದೆಯ 80ನೇ ಕಲಮಿನಲ್ಲಿ 24 ತಿಂಗಳವರೆಗೆ ಕಂತಿನ ಅವಕಾಶ ಇದೆ. ಆದರೆ ನಾವೇ ರಿಟರ್ನಿನಲ್ಲಿ ಒಪ್ಪಿಕೊಂಡ ತೆರಿಗೆಗೆ ಆ ಕಲಮು ಅನ್ವಯಿಸುವುದಿಲ್ಲ. ಬಚ್ಚಿಟ್ಟು ಸಿಕ್ಕಿಬಿದ್ದು ಆದೇಶವಾದವನಿಗೆ ಕಂತು ಉಂಟು, ತಾನಾಗಿ ಒಪ್ಪಿಕೊಂಡವನಿಗೆ ಇಲ್ಲ. ಇದನ್ನು ಬರೆದವರಿಗೆ ಏನೋ ಕಾರಣ ಇದ್ದಿರಬಹುದು, ನನಗಂತೂ ಇದುವರೆಗೆ ಅರ್ಥವಾಗಿಲ್ಲ.

ಐದು ತಿಂಗಳ ನಂತರ ಬಿಲ್ಲು ಬಂತು ಎನ್ನಿ. ಆಗಲೂ 3,15,000 ರೂ. ಕೈಗೆ ಬರುವುದಿಲ್ಲ. ಕರಾರಿನ ಮೌಲ್ಯ 2.5 ಲಕ್ಷ ರೂ. ಮೀರಿದರೆ ಸರಕಾರಿ ಇಲಾಖೆಗಳು, ಸ್ಥಳೀಯ ಸಂಸ್ಥೆಗಳು 2 ಶೇಕಡಾ ಜಿಎಸ್‌ಟಿ ಟಿಡಿಎಸ್ ಹಿಡಿಯಬೇಕು. ಇದು 2018ರ ಅಕ್ಟೋಬರ್ 1ರಿಂದ ಬಂದದ್ದು. 6,000 ಅಲ್ಲಿಗೆ ಹೋಯಿತು. ಆದಾಯ ತೆರಿಗೆಯ ಟಿಡಿಎಸ್ ಬೇರೆ. 1961ರ ಕಾಯ್ದೆಯ 194ಸಿ ಕಲಮಿನಲ್ಲಿ 'ಕೆಲಸ' ಎಂಬ ಪದದ ವಿವರಣೆಯಲ್ಲಿ ಕೇಟರಿಂಗ್ ಎಂದು ನಮ್ಮ ಧಂದೆಯ ಹೆಸರನ್ನೇ ಬರೆದಿಟ್ಟಿದ್ದರು. ಸ್ವಂತ ಹೆಸರಿನಲ್ಲಿ ಧಂದೆ ಮಾಡುವವರಿಗೆ 1 ಶೇಕಡಾ, ಪಾಲುದಾರಿಕೆಯವರಿಗೆ, ಕಂಪೆನಿಗಳಿಗೆ 2 ಶೇಕಡಾ. ಹೀಗೆ ಮತ್ತೆ 3,000. ಕೈಗೆ ಬರುವುದು 3,06,000. ಕಡಿತವಾದದ್ದು ನಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ ನಿಜ, ಆದರೆ ಯಾವಾಗ? ಆ ಕಚೇರಿಯ ಹಣ ಬಟವಾಡೆ ಅಧಿಕಾರಿ ತನ್ನ ಜಿಎಸ್‌ಟಿಆರ್-7 ತುಂಬಿದಾಗ, ತನ್ನ ತ್ರೈಮಾಸಿಕ ಟಿಡಿಎಸ್ ಪಟ್ಟಿ ಕಳುಹಿಸಿದಾಗ. ಅವರು ತಡಮಾಡಿದರೆ ನಮ್ಮ 26ಎಎಸ್ ಪಟ್ಟಿಯಲ್ಲಿ ಕಡಿತ ಕಾಣುವುದಿಲ್ಲ. ಆದಾಯ ತೆರಿಗೆಯ ಕಂಪ್ಯೂಟರು ನಮಗೆ ಬಾಕಿ ನೋಟೀಸು ಕಳಿಸುತ್ತದೆ. ಆ ನೋಟೀಸು ಮುಂದಿನ ಟೆಂಡರಿನಲ್ಲಿ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಕಡಿತ ಮಾಡಿದವನು ಸರಕಾರಕ್ಕೆ ಕಟ್ಟದಿದ್ದರೆ ಕಡಿತಕ್ಕೊಳಗಾದವನಿಂದ ಮತ್ತೆ ವಸೂಲಿ ಮಾಡಬಾರದು ಎಂಬ ನಿಯಮ 1961ರ ಕಾಯ್ದೆಯ 205ನೇ ಕಲಮಿನಲ್ಲೇ ಇತ್ತು. ನಮ್ಮ ಬಾಂಬೆ ಹೈಕೋರ್ಟು 2007ರಲ್ಲಿ ಒಬ್ಬ ಸಂಬಳದಾರರ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿದಿದೆ. ಆದರೆ ಟೆಂಡರ್ ತೆರೆಯುವ ಮೇಜಿನ ಮುಂದೆ ಹೈಕೋರ್ಟಿನ ತೀರ್ಪು ಓದಿಸಲು ಯಾರಿಗೆ ವ್ಯವಧಾನ ಇದೆ? ಕಾಗದ ಇದೆಯೇ, ಇಲ್ಲವೇ, ಅಷ್ಟೇ ಅಲ್ಲಿಯ ಪ್ರಶ್ನೆ.

ಇದು ಜಿಎಸ್‌ಟಿ ಬಂದ ಮೇಲಿನ ತೊಂದರೆ ಎಂದು ಹೊಸಬರು ತಿಳಿಯಬಾರದು. ನನ್ನದೇ ಒಂದು ಅನುಭವ ಹೇಳುತ್ತೇನೆ. 2003ರ ಮಾತು. ಆಗ 1959ರ ಬಾಂಬೆ ಸೇಲ್ಸ್ ಟ್ಯಾಕ್ಸ್ ಕಾಯ್ದೆ ಇತ್ತು, ವ್ಯಾಟ್ ಬಂದದ್ದು 2005ರ ಏಪ್ರಿಲಿನಲ್ಲಿ. ಪಶ್ಚಿಮ ಉಪನಗರದ ಒಂದು ದೊಡ್ಡ ಕಚೇರಿಯ ಕ್ಯಾಂಟೀನಿಗೆ ಟೆಂಡರ್ ಕರೆದಿದ್ದರು. ಸೇಲ್ಸ್ ಟ್ಯಾಕ್ಸಿನ ಕ್ಲಿಯರೆನ್ಸ್ ಪತ್ರ ಬೇಕಿತ್ತು. ಕಿಟಕಿಯಲ್ಲಿದ್ದ ಗುಮಾಸ್ತರು ರಿಜಿಸ್ಟರ್ ತಿರುವಿ, 1994-95ರ ಅಸೆಸ್‌ಮೆಂಟಿನ 1,840 ರೂ. ಬಾಕಿ ಇದೆ ಎಂದರು. ನಾನು ಕಟ್ಟಿದ್ದೆ. ಕಟ್ಟಿದ್ದು ನನಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಅದೇ ದಿನ ತಂಗಿಯ ಮದುವೆಗೆ ಊರಿಗೆ ಹೊರಡುವ ಬಸ್ಸು ತಪ್ಪುವುದರಲ್ಲಿತ್ತು. ಎರಡು ದಿನ ಅಟ್ಟದ ಮೇಲಿನ ಬಿಸ್ಕಿಟ್ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಹುಡುಕಿ, ಬಣ್ಣ ಮಾಸಿದ ಚಲನ್ ಹಿಡಿದುಕೊಂಡು ಹೋದೆ. ಅದರ ಮೇಲೆ ಮೆಹ್ತಾಜಿ ನನ್ನ ಹೋಟೆಲಿನ ಹಿಂದಿನ ಮಾಲಿಕರ ನೋಂದಣಿ ನಂಬರು ಬರೆದಿದ್ದರು! ಹಣ ಸರಕಾರಕ್ಕೆ ಹೋಗಿದೆ, ಆದರೆ ಬೇರೆಯವರ ಖಾತೆಗೆ. ತಿದ್ದಲು ಅರ್ಜಿ, ಅರ್ಜಿಯ ಮೇಲೆ ಇನ್ಸ್‌ಪೆಕ್ಟರರ ವರದಿ, ವರದಿಯ ಮೇಲೆ ಸಾಹೇಬರ ಸಹಿ. ಸಹಿ ಆಗುವಾಗ ಟೆಂಡರಿನ ತಾರೀಕು ದಾಟಿ ಹನ್ನೊಂದು ದಿನ ಆಗಿತ್ತು.

ಆ ಕ್ಯಾಂಟೀನ್ ಸಿಕ್ಕಿದ್ದರೆ ಊರಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಭಾವನನ್ನು ಕರೆಸಿ ಅಲ್ಲಿ ನಿಲ್ಲಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಅವರು ಕಾದು ಕಾದು ಕೊನೆಗೆ ಗಲ್ಫಿಗೆ ಹೋದರು. ನಾನು 1,840 ರೂ. ಮತ್ತೊಮ್ಮೆ ಕಟ್ಟಿಬಿಡುತ್ತೇನೆ, ಪತ್ರ ಕೊಡಿ ಎಂದೂ ಕೇಳಿದ್ದೆ. ಕಟ್ಟಿದರೂ ಖಾತೆಗೆ ಏರಲು ಹದಿನೈದು ದಿನ ಎಂದರು. ತಮಾಷೆ ಏನೆಂದರೆ, 2023ರಲ್ಲಿ ಮಹಾರಾಷ್ಟ್ರ ಸರಕಾರ ಜಿಎಸ್‌ಟಿಗಿಂತ ಹಿಂದಿನ ತೆರಿಗೆಗಳ ಹಳೆಯ ಬಾಕಿಗೆ ಯೋಜನೆ ತಂದಾಗ 2 ಲಕ್ಷ ರೂ. ಒಳಗಿನ ಬಾಕಿಯನ್ನು ಪೂರ್ತಿ ಮನ್ನಾ ಮಾಡಿತು. ಇಪ್ಪತ್ತು ವರ್ಷ ತಡವಾಗಿ ನನ್ನ 1,840ನ್ನು ಯಾರೂ ಕೇಳುವವರಿಲ್ಲದಂತಾಯಿತು.

ಸರಕಾರವನ್ನಷ್ಟೇ ಬೈದರೆ ನಮ್ಮ ಮಾತಿಗೆ ತೂಕ ಬಾರದು. ನಮ್ಮ ಕಡೆಯ ತಪ್ಪುಗಳನ್ನೂ ಹೇಳಬೇಕು. ಮುಂಬಯಿಯ ಹೋಟೆಲುಗಳಲ್ಲಿ ಕಂಡಕ್ಟಿಂಗ್ ಪದ್ಧತಿ ನಮಗೆ ಹೊಸದಲ್ಲ. ಜಾಗ ಒಬ್ಬರದ್ದು, ಪಾಲಿಕೆಯ ಲೈಸನ್ಸು ಅವರ ತಂದೆಯ ಹೆಸರಿನಲ್ಲಿ, ನಡೆಸುವವರು ನಾವು, ಜಿಎಸ್‌ಟಿ ನಂಬರು ನಮ್ಮ ಹೆಂಡತಿಯ ಹೆಸರಿನಲ್ಲಿ, ಬ್ಯಾಂಕ್ ಖಾತೆ ಭಾವನೊಂದಿಗೆ ಜಂಟಿ. ಹೋಟೆಲ್ ನಡೆಯುವಾಗ ಇದರಿಂದ ಯಾರಿಗೂ ತೊಂದರೆ ಇಲ್ಲ, ಇಡ್ಲಿ ತಿನ್ನುವ ಗಿರಾಕಿ ಲೈಸನ್ಸು ಯಾರದ್ದೆಂದು ಕೇಳುವುದಿಲ್ಲ. ಟೆಂಡರಿನ ಮುಂದೆ ಮಾತ್ರ ಈ ನಾಲ್ಕು ಹೆಸರು ನಾಲ್ಕು ದಿಕ್ಕಿಗೆ ಎಳೆಯುತ್ತವೆ. ತೀರಿಹೋದ ತಂದೆಯ ಪ್ಯಾನಿನಲ್ಲೇ ಧಂದೆ ಮುಂದುವರಿಸುತ್ತಿರುವವರನ್ನೂ ನಾನು ಬಲ್ಲೆ. ಇನ್ನು ಹೆಸರಿನ ಅಕ್ಷರ. ಪ್ಯಾನಿನಲ್ಲಿ ಶೆಟ್ಟಿ ಎಂಬುದಕ್ಕೆ ಇಂಗ್ಲಿಷಿನ ಎರಡು 'ಟಿ', ಆಧಾರಿನಲ್ಲಿ ಒಂದು. ಒಂದೆಡೆ ಪೂಜಾರಿ, ಇನ್ನೊಂದೆಡೆ ಅಮೀನ್. ಊರಿನ ಶಾಲೆಯ ಮಾಸ್ತರರು ಬರೆದದ್ದು ಒಂದು, ಇಲ್ಲಿಯ ರಾತ್ರಿಶಾಲೆಯಲ್ಲಿ ಬರೆಸಿದ್ದು ಇನ್ನೊಂದು. ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ ಮನುಷ್ಯರು.

ಪ್ರೊಫೆಶನ್ ಟ್ಯಾಕ್ಸಿನ ವಿಷಯದಲ್ಲೂ ನಮ್ಮವರ ಅಸಡ್ಡೆ ಕಡಿಮೆಯಲ್ಲ. ಮಹಾರಾಷ್ಟ್ರದ 1975ರ ಕಾಯ್ದೆಯ ಪ್ರಕಾರ ನೌಕರರ ಪಗಾರದಿಂದ ಹಿಡಿದು ಕಟ್ಟುವುದಕ್ಕೆ ಒಂದು ನೋಂದಣಿ, ಮಾಲಿಕ ತನ್ನದೇ ಹೆಸರಿಗೆ ವರ್ಷಕ್ಕೆ 2,500 ರೂ. ಕಟ್ಟುವುದಕ್ಕೆ ಇನ್ನೊಂದು. ಮೊದಲನೆಯದು ಮಾಡಿಸಿ ಎರಡನೆಯದನ್ನು ಮರೆಯುವವರು ಬಹಳ. ಪಾಲುದಾರಿಕೆಯಲ್ಲಿ ಪ್ರತಿಯೊಬ್ಬ ಪಾಲುದಾರನೂ ತನ್ನ ಪಾಲಿನ 2,500 ಕಟ್ಟಬೇಕೆಂಬುದು ಊರಿನಲ್ಲಿ ಕುಳಿತ ಪಾಲುದಾರರಿಗೆ ಗೊತ್ತೇ ಇರುವುದಿಲ್ಲ. ಲಕ್ಷಗಟ್ಟಲೆಯ ಕೆಲಸ 2,500 ರೂ.ಗಳಿಗಾಗಿ ಕೈತಪ್ಪಿದರೆ ಯಾರನ್ನು ದೂರುವುದು?

ಇದಕ್ಕಿಂತ ದೊಡ್ಡ ರೋಗ ಕಾಗದದ ಬಾಡಿಗೆ. ನಮ್ಮಲ್ಲಿ ಕೈಯಡುಗೆಯವರಿದ್ದಾರೆ, ಸಾವಿರ ಎಲೆಗೆ ಸಾರು ತಪ್ಪದಂತೆ ಬಡಿಸುವವರಿದ್ದಾರೆ, ಆದರೆ ಅವರ ಬಳಿ ಫೈಲಿಲ್ಲ. ಫೈಲಿರುವ ಒಬ್ಬರು ಟೆಂಡರ್ ಹಿಡಿಯುತ್ತಾರೆ, ಥಾಲಿಗೆ ಇಷ್ಟು ಎಂದು ತಮ್ಮ ಪಾಲು ಇಟ್ಟುಕೊಂಡು ಅಡುಗೆಯನ್ನು ನಮ್ಮವರಿಗೆ ಒಪ್ಪಿಸುತ್ತಾರೆ. ಕರಾರಿನಲ್ಲಿ ಹೀಗೆ ವಹಿಸಿಕೊಡಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ, ಆದ್ದರಿಂದ ಎಲ್ಲವೂ ಬಾಯಿಮಾತು. ಬೆಂಕಿಯ ಮುಂದೆ ನಿಂತವನು ಐದು ವರ್ಷ ಕೆಲಸ ಮಾಡಿದರೂ ಅನುಭವದ ಪತ್ರ, ವ್ಯವಹಾರದ ಮೊತ್ತ, ಟಿಡಿಎಸ್ ಜಮೆ ಎಲ್ಲವೂ ಫೈಲಿನವನ ಹೆಸರಿಗೆ. ಆರನೇ ವರ್ಷವೂ ಅಡುಗೆಯವನು ಶೂನ್ಯದಿಂದಲೇ ಶುರುಮಾಡಬೇಕು. ನಮ್ಮ ಸದಸ್ಯರಲ್ಲೇ ಫೈಲು ಬಾಡಿಗೆಗೆ ಕೊಡುವವರಿದ್ದಾರೆ ಎಂಬುದು ಸಂಘದ ಸಭೆಗಳಲ್ಲಿ ಯಾರೂ ಎತ್ತದ ವಿಷಯ. ನಾನು ಎತ್ತುತ್ತಿದ್ದೇನೆ, ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಟೆಂಡರ್ ಬರೆಯುವವರಿಗೂ ಕೆಲವೊಮ್ಮೆ ಕಾಯ್ದೆ ಗೊತ್ತಿರುವುದಿಲ್ಲ. ಹನ್ನೆರಡನೆಯ ತರಗತಿವರೆಗಿನ ಶಾಲೆಗಳಿಗೆ ಊಟ ಒದಗಿಸುವುದಕ್ಕೆ, ಸರಕಾರದ ಮಧ್ಯಾಹ್ನದ ಊಟವೂ ಸೇರಿ, ಜಿಎಸ್‌ಟಿ ಇಲ್ಲ. ಅದೊಂದೇ ಕೆಲಸ ಮಾಡುವವನು ನೋಂದಣಿ ಮಾಡಿಸಬೇಕಾದ್ದೂ ಇಲ್ಲ. ಆದರೂ ಶಾಲೆಯ ಊಟದ ಟೆಂಡರಿನಲ್ಲಿ ಜಿಎಸ್‌ಟಿ ರಿಟರ್ನ್ ಕೇಳುವುದುಂಟು. ಜಿಎಸ್‌ಟಿ ನಿಯಮಗಳಲ್ಲಿ ನೋಂದಣಿಗೆ ನಮೂನೆ ಇದೆ, ರಿಟರ್ನಿಗೆ ಇದೆ, ರಿಫಂಡಿಗೆ ಇದೆ. 'ಬಾಕಿ ಇಲ್ಲ' ಪತ್ರಕ್ಕೆ ನಮೂನೆ ಇಲ್ಲ. ಹಳೆಯ ಸೇಲ್ಸ್ ಟ್ಯಾಕ್ಸ್ ಕಾಲದ ಟೆಂಡರ್ ಕಾಗದವನ್ನೇ ಇಟ್ಟುಕೊಂಡು 'ಸೇಲ್ಸ್ ಟ್ಯಾಕ್ಸ್' ಎಂದಿದ್ದಲ್ಲಿ 'ಜಿಎಸ್‌ಟಿ' ಎಂದು ತಿದ್ದಿದ ಹಾಗೆ ಕಾಣುತ್ತದೆ. ಕಾಯ್ದೆಯಲ್ಲಿ ಇಲ್ಲದ ಪತ್ರವನ್ನು ತರಲು ನಾವು ಯಾವ ಕಿಟಕಿಗೆ ಹೋಗಬೇಕು?

ಹಾಗೆ ನೋಡಿದರೆ ಸರಕಾರಕ್ಕೆ ಪತ್ರದ ಅಗತ್ಯವೇ ಇಲ್ಲ. ಜಿಎಸ್‌ಟಿ ಪೋರ್ಟಲಿನಲ್ಲಿ ಯಾರದೇ ನಂಬರು ಹಾಕಿದರೂ ನೋಂದಣಿ ಚಾಲ್ತಿಯಲ್ಲಿದೆಯೇ, ಯಾವ ತಿಂಗಳ ರಿಟರ್ನ್ ಯಾವ ತಾರೀಕಿಗೆ ಬಂದಿದೆ ಎಂಬುದು ಲಾಗಿನ್ ಇಲ್ಲದೆ ಕಾಣುತ್ತದೆ. ನೀವೇ ಇಂದು ನಿಮ್ಮ ನಂಬರು ಹಾಕಿ ನೋಡಿ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೂ ನೋಟೀಸು ಕಳಿಸಿದಾಗ ಊರಿನ ನಮ್ಮ ಬಂಧುಗಳು ಎಷ್ಟು ಗಾಬರಿಯಾದರೆಂದು ನಮಗೆಲ್ಲ ನೆನಪಿದೆ. ಚಿಕ್ಕ ಅಂಗಡಿಯ ಮೊಬೈಲಿಗೆ ಬಿದ್ದ ದುಡ್ಡನ್ನು ಎಣಿಸಬಲ್ಲ ಸರಕಾರಕ್ಕೆ, ತನ್ನದೇ ಕಚೇರಿ ತನ್ನದೇ ಗುತ್ತಿಗೆದಾರನಿಗೆ ಎಷ್ಟು ಬಾಕಿ ಇಟ್ಟಿದೆ ಎಂದು ತಿಳಿಯುವುದು ಕಷ್ಟವೇ?

ಬೇರೆ ದೇಶಗಳಲ್ಲೂ ಈ ಪುರಾವೆ ಕೇಳುತ್ತಾರೆ, ಆದರೆ ಕೇಳುವ ರೀತಿ ಬೇರೆ. ಐರ್ಲೆಂಡಿನಲ್ಲಿ 12 ತಿಂಗಳಲ್ಲಿ 10,000 ಯೂರೋ ಅಥವಾ ಅದಕ್ಕೆ ಮೇಲ್ಪಟ್ಟ ಸರಕಾರಿ ಕೆಲಸಕ್ಕೆ ತೆರಿಗೆ ಕ್ಲಿಯರೆನ್ಸ್ ಬೇಕು. 2015ರಿಂದ ಅದನ್ನು ಕಂಪ್ಯೂಟರಿನಲ್ಲೇ ಕೊಡುತ್ತಾರೆ, ವ್ಯಾಪಾರಿ ಒಂದು ಸಂಖ್ಯೆ ಕೊಟ್ಟರೆ ಕಚೇರಿಯವರು ತಾವೇ ತೆರೆದು ನೋಡುತ್ತಾರೆ. ದಕ್ಷಿಣ ಆಫ್ರಿಕಾ 2016ರಲ್ಲಿ ಇಂಥದೇ ಪಿನ್ ನಂಬರಿನ ಕ್ರಮಕ್ಕೆ ಹೋಯಿತು. ಯುರೋಪಿಯನ್ ಒಕ್ಕೂಟದ 2014ರ ಖರೀದಿ ನಿರ್ದೇಶನ ನನಗೆ ಇನ್ನೂ ಹಿಡಿಸಿತು. ಟೆಂಡರ್ ಹಾಕುವಾಗ ಸ್ವಂತ ಘೋಷಣೆ ಸಾಕು, ಮೂಲ ಸರ್ಟಿಫಿಕೇಟುಗಳನ್ನು ತೋರಿಸುವ ಹೊರೆ ಮುಖ್ಯವಾಗಿ ಗೆದ್ದವನ ಮೇಲೆ. ತೆರಿಗೆ ಬಾಕಿ ಇದ್ದರೂ ಕಟ್ಟುವ ಕರಾರು ಮಾಡಿಕೊಂಡವನನ್ನು ಅದೇ ಕಾರಣಕ್ಕೆ ಹೊರಗಿಡುವಂತಿಲ್ಲ. ಬಾಕಿ ತೀರ ಚಿಕ್ಕದಾದರೆ ವಿನಾಯಿತಿ ಕೊಡಲು ಸದಸ್ಯ ದೇಶಗಳಿಗೆ ಅವಕಾಶ ಇದೆ. 2003ರಲ್ಲಿ ನನ್ನ 1,840 ರೂ.ಗಳಿಗೆ ಇಷ್ಟು ದಯೆ ಸಿಕ್ಕಿದ್ದರೆ!

ನಮ್ಮಲ್ಲಿ ಕಾಯ್ದೆಯ ರಕ್ಷಣೆ ಏನೂ ಇಲ್ಲವೆಂದಲ್ಲ. 2006ರ ಸೂಕ್ಷ್ಮ-ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ಖರೀದಿದಾರ, ಸರಕಾರಿ ಕಚೇರಿಯೂ ಸೇರಿ, ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು 2017ರಿಂದ ಸಮಾಧಾನ್ ಪೋರ್ಟಲ್ ಇದೆ. ಆದರೆ ದೂರು ಕೊಟ್ಟವನ ಕ್ಯಾಂಟೀನ್ ಮುಂದಿನ ವರ್ಷ ನವೀಕರಣವಾಗುವುದೇ? ಬಡ್ಡಿ ಕೇಳುವ ಧೈರ್ಯ ಒಬ್ಬಂಟಿ ಕೇಟರರಿಗೆ ಬಾರದು. ಹತ್ತು ರೂಪಾಯಿಯ ಶಿವಭೋಜನ ಥಾಲಿ 2020ರ ಜನವರಿ 26ರಂದು ಆರಂಭವಾದಾಗ ನಗರಗಳಲ್ಲಿ ಥಾಲಿಯೊಂದಕ್ಕೆ ಗಿರಾಕಿಯ 10 ರೂ. ಹೊರತು ಉಳಿದ 40 ರೂ. ಸರಕಾರದಿಂದ ಎಂದು ಲೆಕ್ಕವಾಗಿತ್ತು. ಆ ಹಣ ತಿಂಗಳುಗಟ್ಟಲೆ ಬಂದಿಲ್ಲವೆಂದು ಕೇಂದ್ರ ನಡೆಸುವವರು ದೂರಿದ್ದು 2025ರಲ್ಲಿ ಪತ್ರಿಕೆಗಳಲ್ಲಿ ಬಂದಿದೆ. ಅಡುಗೆ ಮಾಡುವವನು ಕಾಯಬಹುದು, ಒಲೆ ಕಾಯುವುದಿಲ್ಲ.

ಹಾಗಾಗಿ ನಮ್ಮ ಸಂಘ ಒಂದು ಬೇಡಿಕೆಯನ್ನು ಹಿಡಿದು ಆಹಾರ್ ಮುಂತಾದ ದೊಡ್ಡ ಸಂಸ್ಥೆಗಳನ್ನೂ ಜೊತೆಗೆ ಕರೆದುಕೊಂಡು ಮಂತ್ರಾಲಯಕ್ಕೂ ಪಾಲಿಕೆಗೂ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಬಾಕಿ ಇಟ್ಟ ಕಚೇರಿ ಕೇಳಿದ ಏಳು ದಿನದೊಳಗೆ 'ಇಂತಿಷ್ಟು ತಿಂಗಳ ಬಿಲ್ಲು ನಮ್ಮಲ್ಲಿ ಬಾಕಿ ಇದೆ' ಎಂಬ ಪತ್ರ ಕೊಡಬೇಕು. ಟೆಂಡರ್ ಕರೆದ ಕಚೇರಿ ಆ ಪತ್ರವನ್ನು ಒಪ್ಪಿ, ಅಷ್ಟರ ಮಟ್ಟಿಗಿನ ರಿಟರ್ನ್ ವಿಳಂಬಕ್ಕಾಗಿ ಯಾರನ್ನೂ ಹೊರಹಾಕಬಾರದು, ಕೆಲಸದ ಆದೇಶ ಕೊಡುವ ಮೊದಲು ಸರಿಪಡಿಸಲು ಸಮಯ ಕೊಡಬೇಕು. ಬಾಕಿಯನ್ನು ತೆರಿಗೆಗೆ ವಜಾ ಮಾಡಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಜಿಎಸ್‌ಟಿಯಲ್ಲಿ ಅರ್ಧ ದಿಲ್ಲಿಗೆ, ಅರ್ಧ ರಾಜ್ಯಕ್ಕೆ ಹೋಗುತ್ತದೆ, ಬಿಲ್ಲು ಕೊಡಬೇಕಾದದ್ದು ಪಾಲಿಕೆಯೋ ರೈಲ್ವೆಯೋ ಆಗಿರಬಹುದು, ಕಿಸೆಗಳು ಬೇರೆ ಬೇರೆ. ಪತ್ರದ ನಿಯಮಕ್ಕಾದರೆ ಪಾರ್ಲಿಮೆಂಟಿಗೆ ಹೋಗಬೇಕಾಗಿಲ್ಲ. ಟೆಂಡರಿನ ಷರತ್ತಿನಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು.

"ಸರಕಾರಿ ಕೆಲಸದ ಉಸಾಬರಿಯೇ ಬೇಡ, ನಮ್ಮ ಗಲ್ಲಾ ನಮಗೆ ಸಾಕು" ಎನ್ನುವ ಹಿರಿಯರಿದ್ದಾರೆ. ಜಾಗದ ಬಾಡಿಗೆ ಇಂದಿರುವಂತೆ ಇರುವಾಗ ಹೊಸ ಹುಡುಗನೊಬ್ಬ ಮುಂಬಯಿಯಲ್ಲಿ ಸ್ವಂತ ಗಲ್ಲಾ ಇಡುವುದು ಹೇಗೆ, ಅವರೇ ಹೇಳಲಿ. ಪಗಡಿಯ ಕಾಲದಲ್ಲಿ ಜಾಗ ಹಿಡಿದವರು ನಾವು. ಈಗ ಬರುವವನಿಗೆ ಕಚೇರಿಯ ಕ್ಯಾಂಟೀನೇ ಮೊದಲ ಮೆಟ್ಟಿಲು. ಅಲ್ಲಿ ಜಾಗ, ನೀರು, ಗಿರಾಕಿ ಮೂರೂ ಇರುತ್ತವೆ. ಕೇಂದ್ರ ಸರಕಾರದ 2012ರ ಖರೀದಿ ನೀತಿಯಲ್ಲಿ ಸೂಕ್ಷ್ಮ, ಸಣ್ಣ ಉದ್ಯಮಗಳಿಗೆಂದು ಇಟ್ಟ ಪಾಲು 2018ರಲ್ಲಿ 25 ಶೇಕಡಾ ಆಯಿತು, ಅಲ್ಲಿ ಅವರಿಗೆ ಠೇವಣಿಯಿಂದಲೂ ವಿನಾಯಿತಿ ಇದೆ. ಜೆಮ್ ಪೋರ್ಟಲಿನಲ್ಲಿ ಕೇಟರಿಂಗ್ ಸೇವೆಗೂ ಬಿಡ್ ಕರೆಯುತ್ತಾರೆ. ಬಾಗಿಲು ಇದೆ. ಅದರ ಬೀಗ ಈ ಕಾಗದದಲ್ಲಿ ಸಿಕ್ಕಿಕೊಂಡಿದೆ.

ಆ ಯುವ ಸದಸ್ಯರಿಗೆ ಅಂದು ನಾನು ಹೇಳಿದ್ದು ಇಷ್ಟೇ: ಪತ್ರ, ನ್ಯಾಯ, ನೀತಿ ಎಲ್ಲ ಆಮೇಲೆ, ಟೆಂಡರಿಗೆ ಆರು ದಿನ ಇದೆ, ಮೊದಲು ರಿಟರ್ನ್ ತುಂಬಿಸಿ. ಎರಡು ತಿಂಗಳ 30,000 ರೂ., ಮೇಲೆ ಬಡ್ಡಿ, ವಿಳಂಬ ಶುಲ್ಕ. ಅವರು ದೀಪಾವಳಿಗೆಂದು ಇಟ್ಟಿದ್ದ ಚೀಟಿಯನ್ನು ನಷ್ಟಕ್ಕೆ ಎತ್ತಿ ಕಟ್ಟಿದರು. ಐದು ತಿಂಗಳ ಬಿಲ್ಲು ಬಾಕಿ ಇದೆಯೆಂದು ಬರೆದುಕೊಡಿ ಎಂದು ಹಳೆಯ ಕಚೇರಿಗೆ ಅರ್ಜಿಯನ್ನೂ ಕೊಡಿಸಿದೆ, ಸ್ವೀಕರಿಸಿದ ಮೊಹರು ಹಾಕಿಸಿಕೊಂಡು ಬಂದರು. ಆ ಅರ್ಜಿಗೆ ಉತ್ತರ ಬಂದಿಲ್ಲ. ಆದರೆ ಮೊಹರು ಬಿದ್ದ ಹತ್ತನೆಯ ದಿನ ಒಂದು ತಿಂಗಳ ಬಿಲ್ಲು ಖಾತೆಗೆ ಬಂತಂತೆ. ಹಾಸ್ಟೆಲಿನ ಟೆಂಡರಿನಲ್ಲಿ ಅವರ ಕಾಗದಪತ್ರ ಒಪ್ಪಿತವಾಗಿದೆ, ದರದ ಲಕೋಟೆ ಇನ್ನೂ ತೆರೆದಿಲ್ಲ. ಹಳೆಯ ನಾಲ್ಕು ತಿಂಗಳ ಬಿಲ್ಲು ಇನ್ನೂ ಬಾಕಿ ಇದೆ.